ಕಲ್ಲು ಕುಡಿದ ಬಿಸಿಲು

ಕಲಬುರಗಿಯ ಬಿಸಿಲನ್ನು ಹೊರಗಿನವರು ಎಷ್ಟೇ ಬೈಯಲಿ, ಊರಿನವರಿಗೆ ಒಳಗೊಳಗೇ ಅದರ ಬಗ್ಗೆ ಒಂದು ಜಂಬವಿತ್ತು. ಪರಊರಿನ ಬೀಗರು ಬೆಳಗಿನ ಹನ್ನೊಂದಕ್ಕೇ ಮುಖ ಬಾಡಿಸಿಕೊಂಡು ಕೂತರೆ, 'ಇದೇನ್ರೀ, ಇನ್ನಾ ಬ್ಯಾಸಗಿ ಶುರುನೇ ಆಗಿಲ್ಲ' ಎಂದು ನಗುವುದು ವಾಡಿಕೆ. ಆ ಜಂಬ ಇಳಿದದ್ದು ಉಷ್ಣಾಂಶ ಐವತ್ತನ್ನು ಮುಟ್ಟಿದ ವರ್ಷ. ಆ ಮೇ ತಿಂಗಳಲ್ಲಿ ಹೆಣಕ್ಕೆ ಹೆಗಲು ಕೊಡುವವರು ಕೂಡ ಬೆಳಗಿನ ಏಳರೊಳಗಾದರೆ ಬರುತ್ತೇವೆ ಎಂದು ಕರಾರು ಹಾಕತೊಡಗಿದರು. ಮರುವರ್ಷ ಊರಿಗೆ ತಂಪುಗಲ್ಲು ಬಂತು.

ಅಂಗೈ ಅಗಲದ, ಎರಡು ಬೆರಳು ದಪ್ಪದ ಬೂದುಬಣ್ಣದ ಬಿಲ್ಲೆ. ಒಳಗೋಡೆಗೆ ಸಾಲಾಗಿ ಅಂಟಿಸಿದರೆ ಮುಗಿಯಿತು. ಕರೆಂಟು ಬೇಡ, ಸದ್ದಿಲ್ಲ, ಬಿಲ್ಲಿಲ್ಲ. ಸರ್ಕಾರ 'ತಂಪುಮನೆ' ಯೋಜನೆಯಲ್ಲಿ ಮನೆಮನೆಗೂ ಪುಕ್ಕಟೆ ಹಚ್ಚಿಸಿಕೊಟ್ಟಿತು. ಹೊರಗೆ ರಸ್ತೆಯ ಡಾಂಬರು ಕರಗುತ್ತಿದ್ದರೆ ಒಳಗೆ ಮುದುಕರು ಶಾಲು ಹೊದ್ದು ಕೂರತೊಡಗಿದರು. ಫ್ಯಾನುಗಳು ಗುಜರಿಗೆ ಹೋದವು. ಮೇ ತಿಂಗಳ ನಡುಮಧ್ಯಾಹ್ನಕ್ಕೆ ಮದುವೆ ಮುಹೂರ್ತಗಳು ಬಂದವು. ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ ಊರು ಬಿಸಿಲನ್ನೇ ಮರೆಯಿತು.

ಕಲ್ಲಿನ ಗುಟ್ಟು ದೊಡ್ಡದೇನಲ್ಲ. ಮಹಾನಂದಾ ಹೂಗಾರ ಅದನ್ನು ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದಳು. ಊರಿನ ಪದವಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದ ಮೇಡಂ ಅವಳು. ಕಲ್ಲಿನ ಲವಣದ ಹೊಟ್ಟೆಯಲ್ಲಿ ನೀರಿನ ಅಣುಗಳು ಕಟ್ಟಿಹಾಕಿದಂತೆ ಕೂತಿರುತ್ತವೆ. ಒಣ ಸೆಕೆಯಲ್ಲಿ ಅವು ಕಟ್ಟು ಬಿಡಿಸಿಕೊಂಡು ಆವಿಯಾಗಿ ಹೊರಡುತ್ತವೆ. ಬಿಡಿಸಿಕೊಳ್ಳಲು ಬೇಕಾದ ಶಾಖವನ್ನು ಕೋಣೆಯಿಂದಲೇ ಎಳೆದುಕೊಳ್ಳುತ್ತವೆ. ಶಾಖ ಹೀರುವ ಕೆಲಸ ತಾನಾಗಿಯೇ ಯಾಕೆ ನಡೆಯುತ್ತದೆ ಎಂದರೆ, ಸಾಲಾಗಿ ಕೂತ ಮಕ್ಕಳು ಗಂಟೆ ಹೊಡೆದೊಡನೆ ಮೈದಾನಕ್ಕೆ ಚೆದುರುವಂತೆ ಅಣುಗಳಿಗೂ ಚೆದುರುವುದೇ ಇಷ್ಟ. ಆ ಚೆದುರಾಟಕ್ಕೆ ಪುಸ್ತಕದಲ್ಲಿ ಎಂಟ್ರೊಪಿ ಎಂದು ಹೆಸರು. ಮಳೆಗಾಲದಲ್ಲಿ ನೀರು ವಾಪಸು ಬರುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರವಿತ್ತು. ಹಸಿಗಾಳಿ ತಾಗಿದೊಡನೆ ಕಲ್ಲಿನ ಮೇಲೆ ತೆಳ್ಳನೆ ಕೆನೆ ಉಬ್ಬಿ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ಮಳೆಗಾಲಕ್ಕೆ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ.

ಇದೆಲ್ಲ ಹೇಳಿಯಾದ ಮೇಲೆ ಅವಳು ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತಿದ್ದಳು: ಹೋಗುವಾಗ ಎಷ್ಟು ಹೀರಿತೋ ಬರುವಾಗ ಅಷ್ಟನ್ನೇ ಬಿಡುತ್ತದೆ, ಅಂಕಿ ಅದೇ, ಚಿಹ್ನೆ ಮಾತ್ರ ಬೇರೆ. 'ಇದು ಎರಡು ಮಾರ್ಕಿನ ಪ್ರಶ್ನಿ, ಪ್ರತಿ ವರ್ಷ ಬರ್ತದ' ಎಂದು ಅಡಿಗೆರೆ ಎಳೆಯುತ್ತಿದ್ದಳು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಅವಳು ಡಸ್ಟರಿನಿಂದ ಒರೆಸುತ್ತಿದ್ದಳು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುವ ಮಾತು ವಿಜ್ಞಾನ ಕಲಿಸುವವರಿಗೂ ಸಲ್ಲುತ್ತದೆ.

ಯೋಜನೆಯವರು ಆ ಕಾಲೇಜಿಗೆ ಒಂದು ಕೆಲಸ ಹಚ್ಚಿದ್ದರು. ತಿಂಗಳಿಗೊಮ್ಮೆ ಯಾವುದಾದರೂ ಮನೆಯಿಂದ ಒಂದು ಬಿಲ್ಲೆ ತರಿಸಿ, ಪುಡಿ ಮಾಡಿ, ಇಪ್ಪತ್ತು ಗ್ರಾಂ ಪುಡಿಯನ್ನು ನೀರಿಗೆ ಹಾಕಿ, ನೀರು ಎಷ್ಟು ಬಿಸಿಯೇರಿತು ಎಂದು ಬರೆದು ಸಹಿ ಹಾಕಿ ಕಳಿಸಬೇಕು. ಮಹಾನಂದಾ ಅದನ್ನು ಮಕ್ಕಳ ಪ್ರಾಕ್ಟಿಕಲ್ಲಿಗೇ ಸೇರಿಸಿಬಿಟ್ಟಿದ್ದಳು.

ನಾಲ್ಕನೆಯ ಬೇಸಿಗೆಯ ಮೇ ತಿಂಗಳ ಕೊನೆಯ ವಾರ ಬಿಲ್ಲೆ ತಸ್ಲೀಮಾಳ ಪಾಲಿಗೆ ಬಂದಿತ್ತು. ಎರಡು ಜಡೆಯ, ಮೆಲುದನಿಯ, ಆದರೆ ಬಿಟ್ಟುಕೊಡದ ಹುಡುಗಿ. ಅವಳಪ್ಪ ಮನೆಗಳಿಗೆ ಸುಣ್ಣ ಬಳಿಯುವ ಕೆಲಸದವನು.

'ಮೇಡಂ, ಮೂವತ್ತೆಂಟು ಡಿಗ್ರಿ ಏರ್ಯಾದ್ರಿ' ಎಂದಳು ತಸ್ಲೀಮಾ.

'ಎಷ್ಟು ಬರಬೇಕು?'

'ಪುಸ್ತಕದಾಗ ಎರಡು ಅಂತದ.'

'ಮತ್ತ? ಥರ್ಮಾಮೀಟರ್ ಸರಿ ಹಿಡಿದಿಲ್ಲ ನೀ.'

'ಮೂರು ಸಲ ಮಾಡೀನ್ರಿ ಮೇಡಂ. ಗ್ಲಾಸ್ ಹಿಡಿಲಿಕ್ಕಿ ಆಗವಲ್ದು, ಅಷ್ಟು ಕಾದದ. ನಮ್ಮ ಅಬ್ಬಾ ಡ್ರಮ್ಮಿನಾಗ ಸುಣ್ಣದ ಹರಳಿಗಿ ನೀರ್ ಹಾಕಿದ್ರ ಕುದೀತದಲ್ರೀ, ಹಂಗೇ ಆತು.'

ಮಹಾನಂದಾಳಿಗೆ ನಗು ಬಂತು. ಅವಳು ಕೆಟ್ಟ ಮೇಡಂ ಅಲ್ಲ. ಮಕ್ಕಳ ಮೇಲೆ ಕೈ ಮಾಡಿದವಳಲ್ಲ, ಯಾರನ್ನೂ ಬೇಕೆಂದು ಫೇಲು ಮಾಡಿದವಳಲ್ಲ. ಆದರೆ ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಅವಳು ವಿದ್ಯಾರ್ಥಿನಿಯಾಗಿದ್ದಾಗಲೂ ಇತ್ತು, ಅವಳ ಗುರುಗಳ ಕಾಲಕ್ಕೂ ಇತ್ತು. ಪುಸ್ತಕದಲ್ಲಿ ಉತ್ತರ ಕೊಟ್ಟಿರುತ್ತಾರೆ. ಹಿಂದಿನಿಂದ ಲೆಕ್ಕ ಹಾಕಿ, ಆ ಉತ್ತರ ಬರುವ ಹಾಗೆ ರೀಡಿಂಗ್ ಬರೆಯಬೇಕು. ಲ್ಯಾಬಿನ ಥರ್ಮಾಮೀಟರುಗಳು ಅಜ್ಜನ ಕಾಲದವು, ಥರ್ಮಾಸಿಗೆ ಮುಚ್ಚಳವಿಲ್ಲ. ಅವನ್ನು ನಂಬುವುದಕ್ಕಿಂತ ಪುಸ್ತಕವನ್ನು ನಂಬುವುದು ಮೇಲು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಪರೀಕ್ಷೆಗೆ ಹೊರಗಿನಿಂದ ಬರುವವರೂ ಕಡೆಯ ಅಂಕಿಯೊಂದನ್ನೇ ನೋಡಿ ಟಿಕ್ ಹಾಕುವವರು.

'ಯೋಜನಿಯವರು ನಿನ್ನ ಡ್ರಮ್ಮಿನ ಕಥಿ ಕೇಳಂಗಿಲ್ಲ ತಂಗೀ' ಎಂದು ಮಹಾನಂದಾ ಕೆಂಪು ಪೆನ್ನಿನಿಂದ ಮೂವತ್ತೆಂಟನ್ನು ಹೊಡೆದು ಹಾಕಿದಳು. 'ಎರಡು ಬರಿ. ಎರಡು ಪಾಯಿಂಟ್ ಒಂದು ಬರಿ ಬೇಕಾದ್ರ, ಖರೇ ಅನಸ್ತದ.'

'ಹಂಗಾದ್ರ ಗ್ವಾಡಿಗಿ ಏನೂ ಆಗಂಗಿಲ್ಲೇನ್ರಿ? ಅಬ್ಬಾ ಕಿತ್ತಾಕ್ತೀನಿ ಅಂತ ಕುಂತಾರ. ಇದು ಸುಣ್ಣದ ಜಾತಿ ಅದ, ನಂಬಬಾರ್ದು ಅಂತಾರ.'

'ಅಷ್ಟು ದೊಡ್ಡ ಸೈಂಟಿಸ್ಟಗಳು ಮಾಡ್ಯಾರ. ನಿಮ್ಮ ಅಬ್ಬಾಗ ಸುಮ್ನಿರಂತ ಹೇಳು.'

ತಸ್ಲೀಮಾ ತಲೆಯಾಡಿಸಿ ರಬ್ಬರು ತೆಗೆದುಕೊಂಡಳು. ಮೇಡಂ ಹೇಳಿದ ಮೇಲೆ ಮುಗಿಯಿತು.

ಆ ಸಂಜೆ ಮಹಾನಂದಾ ಮನೆಗೆ ಬಂದಾಗ ಪಡುವಣ ಕೋಣೆಯಲ್ಲಿ ಲೋಬಾನದ ಹೊಗೆ ತುಂಬಿತ್ತು. ಮಗಳು ಭಾಗ್ಯಶ್ರೀ ಹೆರಿಗೆಗೆ ಬಂದವಳು, ಹೆತ್ತು ಹದಿನಾಲ್ಕು ದಿನವಾಗಿತ್ತು. ಬಾಣಂತನವೆಲ್ಲ ಮಹಾನಂದಾಳ ಅವ್ವ ತಾರಾಬಾಯಿಯದೇ. ಎಂಬತ್ತರ ಹತ್ತಿರದ ಮುದುಕಿ. ತನ್ನ ಗಂಡ ತೀರಿದ ಮೇಲೆ ಮಹಾನಂದಾ ಅವಳನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು, ಹಾಗೆ ನೋಡಿದರೆ ಮನೆ ನಡೆಯುತ್ತಿದ್ದದ್ದು ಮುದುಕಿಯ ಮಾತಿನಂತೆಯೇ. ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಅದರ ತುಂಬ ಕೆಂಡ, ಬಾಗಿಲು ಕಿಟಕಿ ಬಂದ್, ತಲೆಗೆ ಕಟ್ಟಿದ ಬಟ್ಟೆ. ಬಾಣಂತಿಗೆ ಗಾಳಿ ಸೋಕಬಾರದು, ಮೈ ಕಾಯಬೇಕು. ಇದರಲ್ಲಿ ಡಾಕ್ಟರು, ಮೇಡಂ ಯಾರದೂ ನಡೆಯುವುದಿಲ್ಲ.

'ಈ ಗ್ವಾಡಿ ನೋಡಿದ್ಯಾ ಮಹಾನಂದಾ?' ತಾರಾಬಾಯಿ ಬಂದವಳಿಗೆ ನೀರು ಕೇಳುವ ಮೊದಲೇ ದೂರು ಹೇಳಿದಳು. 'ಎಷ್ಟು ಕೆಂಡ ಹಾಕಿದ್ರೂ ಅದೇ ನುಂಗ್ತದ. ನನ್ನ ಮೊಮ್ಮಗಳ ಮೈಗಿ ಕಾವೇ ಹತ್ತವಲ್ದು. ಮೊದ್ಲ ಒಂದು ಬುಟ್ಟಿ ಇದ್ಲಿ ಸಾಕಾಗ್ತಿತ್ತು. ಈಗ ದಿನಕ್ಕ ನಾಕು ಬುಟ್ಟಿ.'

'ಆಯಿ ನನ್ನ ಹುರಿಲಿಕ್ಕತ್ಯಾಳ ಮಮ್ಮಿ' ಎಂದು ಭಾಗ್ಯಶ್ರೀ ಮಲಗಿದಲ್ಲಿಂದಲೇ ನಕ್ಕಳು. ಅವಳ ಮಗ್ಗುಲಿಗೆ ಕೂಸು, ಮೂಗೊಂದು ಬಿಟ್ಟು ಎಲ್ಲ ಮುಚ್ಚಿಕೊಂಡು ನಿದ್ದೆ ಮಾಡುತ್ತಿತ್ತು. ಇನ್ನೂ ಹೆಸರಿಟ್ಟಿರಲಿಲ್ಲ, ಎಲ್ಲರೂ ಚಿನ್ನಿ ಎನ್ನುತ್ತಿದ್ದರು.

ಮಹಾನಂದಾ ಗೋಡೆಗೆ ಅಂಗೈ ಒತ್ತಿದಳು. ತಣ್ಣಗಿತ್ತು. ಮೂರು ಮೊಳದ ದೂರದಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿದ್ದರೂ ಗೋಡೆ ತಣ್ಣಗಿತ್ತು. ಕೈ ತೆಗೆದಾಗ ಅಂಗೈಗೆ ಬೂದಿಯಂಥ ಪುಡಿ ಹತ್ತಿತ್ತು. ಬಗ್ಗಿ ನೋಡಿದರೆ ಬಿಲ್ಲೆಗಳ ತುಂಬ ಕೂದಲೆಳೆಯ ಬಿರುಕು. ಕಳೆದ ವರ್ಷ ಇದು ಇರಲಿಲ್ಲ. ಕೋಣೆಯ ಮೂಲೆಗೆ ಹಾಸುಗಲ್ಲಿನ ಪುಟ್ಟ ಬಚ್ಚಲಿತ್ತು, ಬಾಣಂತಿಗೆ ಅಲ್ಲೇ ಎರೆಯುವುದು. ಆ ಮೂಲೆಯ ಒಂದು ಬಿಲ್ಲೆಯ ಅಂಚು ಕಳಚಿ ನೆಲಕ್ಕೆ ಬಿದ್ದಿತ್ತು. ಅವಳು ಅದನ್ನೆತ್ತಿ, ಯಾಕೆ ಎಂದು ತನಗೇ ಹೇಳಿಕೊಳ್ಳದೆ, ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಬೆಳಗಿನ ಮೊದಲ ಕ್ಲಾಸು ಮುಗಿದೊಡನೆ ಅವಳು ಲ್ಯಾಬಿನ ಬಾಗಿಲು ಹಾಕಿಕೊಂಡಳು. ಮನೆಯಿಂದ ತಂದ ಚೂರನ್ನು ಒರಳಿನಲ್ಲಿ ಕುಟ್ಟಿದಳು. ಇಪ್ಪತ್ತು ಗ್ರಾಂ ತೂಗಿದಳು. ನೂರು ಮಿಲಿ ನೀರಿಗೆ ಸುರಿದಳು. ಮೊದಲ ಅರೆನಿಮಿಷ ಏನೂ ಆಗಲಿಲ್ಲ, ಪುಡಿ ತಳಕ್ಕೆ ಕೂತಿತು. ಆಮೇಲೆ ಅದು ಉಬ್ಬಿತು. ಉಬ್ಬಿ ಒಡೆಯಿತು, ಒಡೆದಲ್ಲೆಲ್ಲ ನೀರು ನುಗ್ಗಿತು, ನುಗ್ಗಿದಲ್ಲೆಲ್ಲ ಮತ್ತೆ ಉಬ್ಬಿತು. ಥರ್ಮಾಮೀಟರಿನ ಪಾದರಸ ನೋಡನೋಡುತ್ತ ಐವತ್ತು ಡಿಗ್ರಿ ಮೇಲೇರಿತು. ಬೀಕರಿನ ಬಾಯಿಂದ ಹಬೆ ಎದ್ದಿತು.

ಹಳೆಯ ರೆಕಾರ್ಡ್ ಬುಕ್ಕುಗಳ ಕಪಾಟು ಎದುರಿಗೇ ಇತ್ತು. ತೆಗೆದಳು. ಕೆಂಪು ಗೆರೆಯ ಅಡಿಯಲ್ಲಿ ಹೊಡೆದುಹೋದ ಅಂಕಿಗಳು ಇನ್ನೂ ಓದಲು ಬರುತ್ತಿದ್ದವು. ಮೊದಲ ಬೇಸಿಗೆ ಐದು, ಆರು. ಎರಡನೆಯದಕ್ಕೆ ಹದಿಮೂರು. ಮೂರನೆಯದಕ್ಕೆ ಇಪ್ಪತ್ತನಾಲ್ಕು. ಬೇರೆಬೇರೆ ಮಕ್ಕಳು, ಬೇರೆಬೇರೆ ಕೈಬರಹ, ಎಲ್ಲರೂ ಖರೆಯನ್ನೇ ಬರೆದಿದ್ದರು, ಎಲ್ಲವನ್ನೂ ಅವಳೇ ಹೊಡೆದು ಹಾಕಿದ್ದಳು. ಯೋಜನೆಯವರು ಕೊಟ್ಟ ಪುಸ್ತಿಕೆಯನ್ನು ಮತ್ತೊಮ್ಮೆ ತೆರೆದು ಆ ಸಾಲನ್ನು ಈ ಸಲ ಪೂರ್ತಿ ಓದಿದಳು. ಎರಡು ಡಿಗ್ರಿ ಬರಬೇಕು ಎಂದು ಅದರಲ್ಲಿ ಇರಲೇ ಇಲ್ಲ. ಎರಡಕ್ಕಿಂತ ಹೆಚ್ಚು ಬಂದರೆ ಕೂಡಲೇ ತಿಳಿಸಿ, ಬಿಲ್ಲೆ ತೆಗೆಸಬೇಕು ಎಂದಿತ್ತು. ಎಚ್ಚರಿಕೆಯ ಗೆರೆಯನ್ನು ಅವಳು ಉತ್ತರವೆಂದು ಓದಿದ್ದಳು.

ಅಷ್ಟರಲ್ಲಿ ಬಚ್ಚಲಿನ ಮೂಲೆ ಕಣ್ಣ ಮುಂದೆ ಬಂತು. ಹದಿನೈದು ದಿನದಿಂದ ಅಲ್ಲಿ ದಿನಕ್ಕೆ ಎರಡು ಹಂಡೆ ನೀರು ಬೀಳುತ್ತಿದೆ. ಅದೇ ಹದಿನೈದು ದಿನದಿಂದ ದಿನಕ್ಕೆ ನಾಲ್ಕು ಬುಟ್ಟಿ ಕೆಂಡ ಆ ಗೋಡೆಯನ್ನು ಒಣಗಿಸಿ ಒಣಗಿಸಿ ಬಿರುಕು ಬಿಡಿಸಿದೆ. ಅವಳು ಮನೆಗೆ ಫೋನು ಹಚ್ಚಿದಳು. ಎತ್ತಿದವಳು ತಾರಾಬಾಯಿ.

'ಅವ್ವಾ, ಭಾಗ್ಯಾಗ ಎರೀಬ್ಯಾಡ. ಆ ಕೋಣ್ಯಾಗಿಂದ ಹೊರಗ ಬರ್ರಿ ಎಲ್ಲಾರೂ.'

'ಏನಂದಿ? ಕೇಳವಲ್ದು. ಇಕಿಗಿ ಎರೀಲಿಕತ್ತೀನಿ ನಾ' ಮುದುಕಿಯ ದನಿಯಲ್ಲಿ ಹಿಗ್ಗಿತ್ತು. 'ಮಹಾನಂದಾ, ನಿನಗೊಂದು ಹೇಳ್ಬೇಕಿತ್ತು. ನಿನ್ನ ಗ್ವಾಡಿ ಇವತ್ತು ಬೆಚ್ಚಗಾಗ್ಯದ ನೋಡು. ಬಚ್ಚಲ ಕಡೀ ಕೈ ಇಟ್ರ ಹಿತ ಅನಸ್ತದ. ಕಡೀಗೂ ಬಾಣಂತಿ ಕೋಣಿ ಆತು ಇದು.'

'ಅವ್ವಾ, ಕೂಸಿನ್ನ ಎತ್ಕೊಂಡು ಹೊರಗ...'

ಫೋನು ಆಗಲೇ ಇಟ್ಟಾಗಿತ್ತು.

ಕಾಲೇಜಿನಿಂದ ಮನೆಗೆ ಸ್ಕೂಟಿಯಲ್ಲಿ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ಅವಳು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಳು, ನಡುನಡುವೆ ಲೆಕ್ಕವನ್ನೂ ಮಾಡಿದಳು. ಒಂದು ಕಿಲೋ ಕಲ್ಲು ಇಷ್ಟು ಶಾಖ, ಒಂದು ಗೋಡೆಗೆ ಇಷ್ಟು ಕಿಲೋ. ಹರಕೆ ಮರೆತುಹೋಯಿತು, ಲೆಕ್ಕ ಮರೆಯಲಿಲ್ಲ. ಗೋಡೆಯ ಹತ್ತರಲ್ಲೊಂದು ಭಾಗ ಎಚ್ಚೆತ್ತರೂ ಕೋಣೆಯೊಳಗಿನ ಗಾಳಿಯನ್ನು ಯಾರೂ ಉಸಿರಾಡಲಾರರು.

ಅವಳು ಚಪ್ಪಲಿ ಸಮೇತ ಒಳಕ್ಕೆ ನುಗ್ಗಿದಾಗ ಭಾಗ್ಯಶ್ರೀ ಬಚ್ಚಲಿನಲ್ಲಿ ಒದ್ದೆ ಸೀರೆ ಸುತ್ತಿಕೊಂಡು ಕೂತಿದ್ದಳು. ಕೂಸು ಹೊರಸಿನ ಮೇಲಿತ್ತು. ಗೋಡೆಯ ಬುಡದಿಂದ ಸುಯ್ ಎನ್ನುವ ಸಣ್ಣ ಸದ್ದು ಬರುತ್ತಿತ್ತು, ಒಲೆಯ ಮೇಲೆ ಹಾಲು ಉಕ್ಕುವ ಮುಂಚಿನ ಸದ್ದು.

'ಏಳು! ಹೊರಗ ನಡಿ!' ಎಂದು ಮಹಾನಂದಾ ಒಂದು ಕೈಯಲ್ಲಿ ಕೂಸನ್ನೂ ಇನ್ನೊಂದರಲ್ಲಿ ಮಗಳ ರಟ್ಟೆಯನ್ನೂ ಹಿಡಿದು ಎಳೆದಳು.

'ಹುಚ್ಚು ಹಿಡೀತೇನು ನಿನಗ?' ತಾರಾಬಾಯಿ ತಂಬಿಗೆ ಹಿಡಿದೇ ಗದರಿದಳು. 'ಹಸಿ ಬಾಣಂತಿನ್ನ ಒದ್ದಿ ಮೈಲೇ ಗಾಳಿಗಿ ಒಯ್ತಿಯಾ?'

'ಅವ್ವಾ, ನಿನ್ನ ಕಾಲಿಗಿ ಬೀಳ್ತೀನಿ, ನೀನೂ ಬಾ.'

ಮೂವರು ಅಂಗಳಕ್ಕೆ ಬಿದ್ದರು. ತಾರಾಬಾಯಿ ಹೊಸ್ತಿಲಿನವರೆಗೆ ಬಂದವಳು ತಿರುಗಿ ನಿಂತಳು. ಹೊರಸಿನ ಕೆಳಗೆ ಕೆಂಡ ಹಾಗೇ ಬಿಟ್ಟು ಬಂದರೆ ಹಾಸಿಗೆಗೆ ಹತ್ತುತ್ತದೆ ಎನ್ನುವುದು ಅವಳ ಎಂಬತ್ತು ವರ್ಷದ ಅನುಭವ. 'ಅಗ್ಗಿಷ್ಟಿಗಿ ತೆಗದು ಬಂದೆ' ಎಂದು ಒಳಗೆ ಹೋದಳು.

ಬಚ್ಚಲ ಮೂಲೆಯ ಬಿಲ್ಲೆಗಳು ಪಟಪಟನೆ ಸಿಡಿದದ್ದು ಆಗಲೇ. ಸಿಡಿದ ಬಿರುಕಿಗೆ ಬಚ್ಚಲ ನೀರು ಹೊಕ್ಕಿತು, ಗೋಡೆ ಬುಡದಿಂದ ಎದೆಯ ಮಟ್ಟಕ್ಕೆ ಉಬ್ಬಿ ಬಂತು, ಬಿಳೀ ಹಬೆ ಬಾಗಿಲು ತುಂಬಿಕೊಂಡು ಹೊರಗೆ ನುಗ್ಗಿತು. ಮುದುಕಿಯ ಕೂಗು ಒಂದೇ ಒಂದು ಸಲ ಕೇಳಿತು. ಮಹಾನಂದಾ ಸೆರಗನ್ನು ಮುಖಕ್ಕೆ ಸುತ್ತಿಕೊಂಡು ನುಗ್ಗಿ ಅವ್ವನನ್ನು ಎಳೆದು ತಂದಳು. ಮೊಣಕಾಲಿನ ಕೆಳಗೆ ಚರ್ಮ ಸುಲಿದಿತ್ತು, ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಕೋಣೆಯೊಳಗೆ ಇಡೀ ಮಧ್ಯಾಹ್ನ ಗೋಡೆ ಸಿಡಿಯುತ್ತಲೇ ಇತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು, 'ಹೆಂಗಾತ್ರೀ ಇದು?' ಎಂದು ಕೇಳಿದರು.

ಮಹಾನಂದಾ ಬಾಯಿ ತೆರೆದಳು. ನಾಲ್ಕು ವರ್ಷದ ಸರ್ಟಿಫಿಕೇಟುಗಳ ಕೆಳಗಿನ ತನ್ನ ಸಹಿ ಕಣ್ಣಿಗೆ ಕಟ್ಟಿತು. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. 'ಹಂಡೆ ಉರುಳಿ ಕುದಿನೀರು ಬಿತ್ರಿ' ಎಂದಳು.

ಡಾಕ್ಟರು ಬರೆದುಕೊಂಡರು. ತಾರಾಬಾಯಿ ಹಾಸಿಗೆಯಿಂದಲೇ ಮಗಳನ್ನು ನೋಡಿದಳು, ಡಾಕ್ಟರು ಹೋಗುವವರೆಗೂ ಸುಮ್ಮನಿದ್ದಳು.

'ಸುಳ್ಳ್ಯಾಕ ಹೇಳ್ದಿ?'

'ಹೇಳ್ತೀನವ್ವಾ. ಸರಿಯಾಗಿ ಬರದು, ಮ್ಯಾಲಿನವರಿಗಿ ತೋರ್ಸಿ ಹೇಳ್ತೀನಿ. ಹಿಂಗ ಬಾಯಿಗಿ ಬಂದಂಗ ಹೇಳಿದ್ರ ಊರಾಗ ಗದ್ದಲ ಆಗ್ತದ.'

'ನನ್ನ ಕಾಲು ಸುಟ್ಟದ್ದು ಇರ್ಲಿ. ಮುದುಕಿ ನಾ, ಇವತ್ತಲ್ಲ ನಾಳಿ ಹೋಗಾಕಿ. ಊರಾಗ ಎಷ್ಟು ಮನ್ಯಾಗ ಹಚ್ಯಾರ ಆ ಕಲ್ಲು?'

ಎಂಬತ್ತು ಸಾವಿರ ಮನೆ. ಮಹಾನಂದಾಳಿಗೆ ಗೊತ್ತಿತ್ತು, ಹೇಳಲಿಲ್ಲ.

ಮೂರು ದಿನ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪತ್ರ ಬರೆದಳು. ಮೊದಲ ದಿನದ ಪತ್ರದಲ್ಲಿ ಹಳೆಯ ಥರ್ಮಾಮೀಟರುಗಳ ಮೇಲೆ ತಪ್ಪು ಹೊರಿಸಿ, ಓದಿ, ನಾಚಿ, ಹರಿದಳು. ಎರಡನೆಯ ದಿನದ ಪತ್ರದಲ್ಲಿ ತಪ್ಪು ಯಾರದೂ ಆಗಿರಲಿಲ್ಲ. ಅದನ್ನೂ ಹರಿದಳು. ಬಿಲ್ಲೆ ಕೀಳಿಸಿರಿ ಎಂದು ಬರೆಯೋಣವೆಂದರೆ ಅದಕ್ಕೂ ಕೈ ಬರಲಿಲ್ಲ. ಸುತ್ತಿಗೆ ಬಿದ್ದರೆ ಕೆನೆ ಒಡೆಯುತ್ತದೆ, ಕೆನೆ ಒಡೆದ ಕಲ್ಲಿಗೆ ಒಂದು ಚೊಂಬು ನೀರು ಸಾಕು. ಜೂನ್ ಹತ್ತಕ್ಕೆ ಮಳೆ ಎಂದು ಹವಾಮಾನದವರು ಹೇಳಿದ್ದರು, ಇನ್ನೂ ಎಂಟು ದಿನವಿತ್ತು. ಸೋಮವಾರ ಪ್ರಿನ್ಸಿಪಾಲರ ಮೂಲಕ ಕಳಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎಂಟು ದಿನ ಎನ್ನುವುದು ಕೂಡ ಬೇರೆಯವರು ಬರೆದುಕೊಟ್ಟ ಅಂಕಿಯೇ ಎಂದು ಆಗ ಹೊಳೆಯಲಿಲ್ಲ. ಭಾಗ್ಯಶ್ರೀಯನ್ನೂ ಕೂಸನ್ನೂ ಮಾತ್ರ ಗೋಡೆ ಸಿಡಿದ ದಿನವೇ ಹಳೆಯ ಬಡಾವಣೆಯ ನೆಂಟರ ಮನೆಗೆ ಕಳಿಸಿದ್ದಳು. ಮಣ್ಣುಗೋಡೆಯಾದ್ದರಿಂದ ಆ ಮನೆಗೆ ತಂಪುಗಲ್ಲು ಹಚ್ಚಿರಲಿಲ್ಲ. ತನ್ನವರ ವಿಷಯಕ್ಕೆ ಬಂದಾಗ ಅವಳಿಗೆ ಪತ್ರವೂ ಬೇಕಾಗಲಿಲ್ಲ, ಪ್ರಿನ್ಸಿಪಾಲರೂ ಬೇಕಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮೂರಕ್ಕೆ ಪಡುವಣದಿಂದ ಗಾಳಿ ಬಂತು. ಮಣ್ಣಿನ ವಾಸನೆ ಬಂತು. ಹನಿ ಬೀಳುತ್ತಿದ್ದಂತೆ ವಾರ್ಡಿನ ಜನ ಕಿಟಕಿಗೆ ಮುತ್ತಿಕೊಂಡು ಕೈ ಚಾಚಿದರು. ನರ್ಸಮ್ಮಂದಿರೂ ನಕ್ಕರು. ಎಲ್ಲರೂ ನಗುವ ಹೊತ್ತಿನಲ್ಲಿ ಮಹಾನಂದಾ ಒಬ್ಬಳೇ ಎದ್ದು ನಿಂತು ಕಾರಿಡಾರಿನ ಗೋಡೆಯನ್ನು ನೋಡಿದಳು. ಅಲ್ಲೂ ಬೂದುಬಣ್ಣದ ಬಿಲ್ಲೆಗಳು, ಅಲ್ಲೂ ಕೂದಲೆಳೆಯ ಬಿರುಕು.

ಅರ್ಧ ಗಂಟೆಯೊಳಗೆ ಮೊದಲ ಸ್ಟ್ರೆಚರು ಬಂತು. ಆಮೇಲೆ ಎರಡು. ಆಮೇಲೆ ಸ್ಟ್ರೆಚರು ಸಾಲದೆ ಆಟೋಗಳಲ್ಲಿ, ಕೈಗಾಡಿಗಳಲ್ಲಿ, ಹೆಗಲ ಮೇಲೆ ತಂದರು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, 'ಗ್ವಾಡಿ ಸಿಡೀತ್ರಿ.' ಅಷ್ಟು ಜನರ ಬಾಯಲ್ಲಿ ಅದೇ ಮಾತು ಕೇಳಿದ ಡಾಕ್ಟರು ತಿರುಗಿ ಮಹಾನಂದಾಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಮುಂದಿನ ಸ್ಟ್ರೆಚರಿನತ್ತ ಓಡಿದರು.

ಒಂದು ಸ್ಟ್ರೆಚರನ್ನು ವಾರ್ಡಿನೊಳಕ್ಕೆ ಒಯ್ಯದೆ ಕಾರಿಡಾರಿನಲ್ಲೇ ಬಿಟ್ಟರು. ಚಾದರ ಮುಖದವರೆಗೂ ಎಳೆದಿತ್ತು. ಚಾದರದ ಹೊರಗೆ ಚಾಚಿದ ಕೈಯ ಉಗುರುಗಳಲ್ಲಿ ಹಳೆಯ ಸುಣ್ಣ ಕೂತಿತ್ತು. ಅದರ ಹಿಂದೆ ತೊಯ್ದು ತೊಪ್ಪೆಯಾಗಿ ತಸ್ಲೀಮಾ ನಿಂತಿದ್ದಳು.

'ಮೇಡಂ' ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗುವಷ್ಟೂ ಅವಳಿಗೆ ಇನ್ನೂ ತಿಳಿದಿರಲಿಲ್ಲ. 'ಊಟ ಮಾಡಿ ಮಲಗಿದ್ರು ಅಬ್ಬಾ. ಮಾಳಗಿ ಸೋರಿ ಗ್ವಾಡಿಗಿ ನೀರು ಇಳೀತ್ರಿ. ಹೋದ ವಾರನೇ ಕಿತ್ತಾಕ್ತೀನಿ ಅಂತ ಸುತ್ತಗಿ ತಂದು ಇಟ್ಟಿದ್ರು. ನಾನೇ ಬ್ಯಾಡ ಅಂದೆ. ನಮ್ಮ ಮೇಡಂ ಹೇಳ್ಯಾರ, ಎರಡೇ ಡಿಗ್ರಿ ಬರ್ತದ, ಏನೂ ಆಗಂಗಿಲ್ಲ ಅಂದೆ. ನೀ ಓದಿದಾಕಿ, ನಿನಗ ಗೊತ್ತಿರ್ತದ ಬಿಡವ್ವಾ ಅಂದು ಸುಮ್ನಾದ್ರು.'

ಮಹಾನಂದಾ ಅವಳನ್ನು ತಬ್ಬಿಕೊಳ್ಳಲು ಕೈ ಚಾಚಿದಳು. ಅದಕ್ಕೆ ತನಗೆ ಹಕ್ಕಿಲ್ಲವೆನಿಸಿ ಕೈ ಅರ್ಧದಲ್ಲೇ ನಿಂತಿತು. 'ಮೂವತ್ತೆಂಟೇ ಖರೇ ಇತ್ತು ತಸ್ಲೀಮಾ' ಎಂದಳು. 'ನೀ ಬರದದ್ದೇ ಖರೇ ಇತ್ತು. ನನಗ ಮೂರು ದಿನದ ಹಿಂದೇ ಗೊತ್ತಾಗಿತ್ತು.'

ಹುಡುಗಿ ಅವಳನ್ನು ನೋಡುತ್ತಲೇ ನಿಂತಳು. ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದು ಸ್ಟ್ರೆಚರಿನ ಕಂಬಿ ಹಿಡಿದುಕೊಂಡಳು.

ಮಹಾನಂದಾ ಜಿಲ್ಲೆಯ ಕಂಟ್ರೋಲ್ ರೂಮಿಗೆ ಫೋನು ಹಚ್ಚಿದಳು. ಏಳನೆಯ ಸಲಕ್ಕೆ ಒಬ್ಬ ಎತ್ತಿದ. ಅವಳು ಹೆಸರು ಹೇಳಿದಳು, ಕಾಲೇಜು ಹೇಳಿದಳು. ನಾಲ್ಕು ವರ್ಷದ ಸರ್ಟಿಫಿಕೇಟೆಲ್ಲ ಸುಳ್ಳು, ಸುಳ್ಳು ಬರೆದವಳು ನಾನು, ಬರೆದುಕೊಳ್ಳಿ ಎಂದಳು. ತಂಪುಗಲ್ಲು ಹಚ್ಚಿದ ಪ್ರತಿ ಮನೆಯಿಂದ ಜನರನ್ನು ಈಗಿಂದೀಗ ಹೊರಗೆ ಕಳಿಸಿ, ಶಾಲೆ, ಕಚೇರಿ, ಆಸ್ಪತ್ರೆ ಯಾವುದೂ ಬೇಡ, ಎಲ್ಲ ಕಡೆ ಅದೇ ಕಲ್ಲಿದೆ ಎಂದಳು.

'ಮೇಡಂ, ಹೊರಗ ಮಳಿ ಜೋರದ' ಎಂದ ಅವನು. ಎಳೆಯ ದನಿ, ಹೆದರಿದ ದನಿ. 'ಕೂಸುಗಳು ಅದಾವ, ಮುದಕರು ಅದಾರ. ಎಲ್ಲಿಗಿ ಹೋಗಂತ ಹೇಳ್ಲಿ ಜನರಿಗಿ?'

'ಎಲ್ಲೀಗೂ ಬ್ಯಾಡ. ಮಳ್ಯಾಗೇ ನಿಂದ್ರಂತ ಹೇಳ್ರಿ.'

'ಎಷ್ಟೊತ್ತನ ಮೇಡಂ?'

ಅವಳು ಲೆಕ್ಕ ಹಾಕಿದಳು. ಈ ಸಲ ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ.

'ನಾಕು ವರ್ಷದ ಬಿಸಿಲು ಹೊರಗ ಬರೋತನ' ಎಂದಳು.

ಆ ಕಡೆ ಅವನ ಹಿಂದೆ ಇನ್ನೊಂದು ಫೋನು, ಅದರ ಹಿಂದೆ ಮತ್ತೊಂದು, ಆಮೇಲೆ ಕೋಣೆಯ ಎಲ್ಲ ಫೋನುಗಳೂ ಹೊಡೆದುಕೊಳ್ಳತೊಡಗಿದ್ದು ಅವಳಿಗೆ ಕೇಳಿಸಿತು.